ಕಾಯ್ದೆ ಬದಲಾದಾಗ ಹಾಜರಿ ಪುಸ್ತಕದಲ್ಲಿ ಏನಾಗುತ್ತದೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉದ್ಯೋಗ ಕಾನೂನುಗಳು ಬದಲಾಗುತ್ತಿರುವುದರಿಂದ ಮಾಲೀಕರಿಗೂ ಕಾರ್ಮಿಕರಿಗೂ ಏನಾಗುತ್ತದೆ ಎಂಬ ಬಗ್ಗೆ ಮಾತನಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ನಾನು ವಕೀಲನಲ್ಲ. ಪೀಣ್ಯದಲ್ಲಿ ಟೈಮ್ ಆಫೀಸ್ ಗುಮಾಸ್ತನಾಗಿ ಕೆಲಸಕ್ಕೆ ಸೇರಿ, ಆಮೇಲೆ ಸಣ್ಣ ಸಣ್ಣ ವರ್ಕ್‌ಶಾಪುಗಳಿಗೆ ಹಾಜರಿ, ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ಬರೆದುಕೊಟ್ಟು ಬದುಕಿದವನು. ಹಾಗಾಗಿ ನನಗೆ ಕಾನೂನು ಕಾಣಿಸುವುದು ಹಾಜರಿ ಪುಸ್ತಕದ ಕಡೆಯಿಂದ. ವಿಧಾನಸೌಧದಲ್ಲಿ ಏನೇ ತೀರ್ಮಾನವಾದರೂ ಕಡೆಗೆ ಅದು ಬಂದು ಕೂರುವುದು ಆ ಪುಸ್ತಕದ ಒಂದು ಕಾಲಂನಲ್ಲಿ, ಒಂದು ಸಂಖ್ಯೆಯಾಗಿ. 8 ಇದ್ದದ್ದು 12 ಆಗುತ್ತದೆ, 75 ಇದ್ದದ್ದು 144 ಆಗುತ್ತದೆ. ಆ ಸಂಖ್ಯೆ ಬದಲಾದದ್ದು ಮಾಲೀಕನಿಗೆ ಮೊದಲ ವಾರವೇ ತಿಳಿಯುತ್ತದೆ, ಏಕೆಂದರೆ ಅವನಿಗೆ ಹೇಳಲು ನನ್ನಂಥ ಒಬ್ಬ ಇರುತ್ತಾನೆ. ಕೆಲಸಗಾರನಿಗೆ ತಿಳಿಯುವುದು ಸಂಬಳದ ದಿನ. ಕೆಲವು ಸಲ ವರ್ಷಗಳ ಮೇಲೆ.

ಈ ಶಾಲೆ ಶುರುವಾದಾಗ ಎಲೆಕ್ಟ್ರಾನಿಕ್ ಸಿಟಿ ಎಂಬ ಹೆಸರೇ ಇರಲಿಲ್ಲ. 1978ರಲ್ಲಿ ಕಿಯೋನಿಕ್ಸ್‌ನವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಎರಡು ಹಳ್ಳಿಗಳ 332 ಎಕರೆಯಲ್ಲಿ ಅದನ್ನು ಕಟ್ಟಿದರು. ವೈಟ್‌ಫೀಲ್ಡಿನ ಐಟಿಪಿಎಲ್ 90ರ ದಶಕದ್ದು. ಈಗ ನಮ್ಮ ಊರಿನ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಆರೂವರೆಗೆ ನಿಂತರೆ ಮೂರು ಬಗೆಯ ಜನ ಸಿಗುತ್ತಾರೆ. ಗಾರ್ಮೆಂಟ್ಸ್ ವ್ಯಾನಿಗೆ ಕಾಯುವ ಹೆಣ್ಣುಮಕ್ಕಳು, ಐಟಿಐ ಮುಗಿಸಿ ಪೀಣ್ಯದ ಲೇತ್ ಶಾಪಿಗೆ ಹೋಗುವ ಹುಡುಗರು, ರಾತ್ರಿ ಪಾಳಿ ಮುಗಿಸಿ ಕ್ಯಾಬಿನಿಂದ ಇಳಿಯುವ ಕಂಪ್ಯೂಟರಿನವರು. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದೇ ಶಾಲೆಯಲ್ಲಿ ಓದಿದವರು.

ಮೊದಲು ಗಾರ್ಮೆಂಟ್ಸಿನವರ ಒಂದು ಸಂಗತಿ ಹೇಳುತ್ತೇನೆ. ಕಾನೂನು ಬದಲಾವಣೆ ಎಂದರೇನು ಎಂದು ಬೆಂಗಳೂರಿಗೆ ಅರ್ಥ ಮಾಡಿಸಿದವರು ಅವರೇ.

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮಕ್ಕೆ ಒಂದು ತಿದ್ದುಪಡಿ ತಂದಿತು. ಲೆಕ್ಕ ನೋಡಿ. ಮೂಲ ಸಂಬಳ 10,000 ರೂಪಾಯಿ ಎಂದುಕೊಳ್ಳೋಣ. ಕೆಲಸಗಾರಳಿಂದ 12 ಪರ್ಸೆಂಟ್, ಅಂದರೆ 1,200 ಮುರಿಯುತ್ತಾರೆ. ಮಾಲೀಕನೂ 1,200 ಹಾಕಬೇಕು. ಮಾಲೀಕನ ಆ 1,200ರಲ್ಲಿ 833 ಪಿಂಚಣಿಗೆ ಹೋಗುತ್ತದೆ, 367 ಪಿಎಫ್‌ಗೆ ಸೇರುತ್ತದೆ. ಹೊಸ ನಿಯಮ ಹೇಳಿದ್ದು ಇಷ್ಟೇ: ಕೆಲಸ ಬಿಟ್ಟ ಮೇಲೆ ನಿನ್ನ ಪಾಲನ್ನು ಬಡ್ಡಿ ಸಮೇತ ತೆಗೆದುಕೋ, ಮಾಲೀಕನ ಪಾಲು ಮಾತ್ರ 58 ವರ್ಷ ತುಂಬುವ ತನಕ ಅಲ್ಲೇ ಇರಲಿ. ದೆಹಲಿಯಲ್ಲಿ ಕೂತವರಿಗೆ ಇದು ಒಳ್ಳೆಯ ಯೋಚನೆ. ಮುಪ್ಪಿನ ಕಾಲಕ್ಕೆ ದುಡ್ಡು ಉಳಿಯುತ್ತದೆ.

ಆದರೆ ಹೊಲಿಗೆ ಮಿಷನ್ನಿನ ಮುಂದೆ ಕೂತವಳಿಗೆ ಪಿಎಫ್ ಮುಪ್ಪಿನ ದುಡ್ಡಲ್ಲ. ಅದು ಮಗಳ ಕಾಲೇಜು ಫೀಜು, ಮನೆಗೆ ಹಾಕಿಸುವ ಆರ್‌ಸಿಸಿ, ಕೈಸಾಲದ ಬಡ್ಡಿ. ಗಾರ್ಮೆಂಟ್ಸಿನಲ್ಲಿ 58 ವರ್ಷದ ತನಕ ಟೈಲರ್ ಆಗಿ ಕೂರುವವರು ಎಷ್ಟು ಜನ ಇದ್ದಾರೆ ಎಂದು ಯಾರೂ ಎಣಿಸಿರಲಿಲ್ಲ. 2016ರ ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿ ಹತ್ತಿರ ಹೆಂಗಸರು ಫ್ಯಾಕ್ಟರಿ ಬಿಟ್ಟು ರಸ್ತೆಗೆ ಬಂದು ಕೂತರು. ಮಾರನೇ ದಿನ ನಮ್ಮ ತುಮಕೂರು ರಸ್ತೆಯಲ್ಲಿ, ಜಾಲಹಳ್ಳಿ ಕ್ರಾಸಿನಲ್ಲಿ, ಪೀಣ್ಯದಲ್ಲಿ ಅದೇ ಆಯಿತು. ಹೆಬ್ಬಗೋಡಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿದರು. ದೊಡ್ಡ ಸಂಘಟನೆಯ ಕರೆ ಇರಲಿಲ್ಲ, ಗುರುತಿಸಬಹುದಾದ ನಾಯಕರೂ ಇರಲಿಲ್ಲ. ಏಪ್ರಿಲ್ 19ರ ಸಂಜೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಎರಡು ತಿಂಗಳ ಹಿಂದೆ ಹೊರಟ ಆದೇಶ ಎರಡು ದಿನದಲ್ಲಿ ಹೋಯಿತು.

ಬೆಂಕಿ ಹಚ್ಚಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಒಂದು ಮಾತು. ಫೆಬ್ರವರಿಯಿಂದ ಏಪ್ರಿಲ್ ತನಕ ಆ ಹೆಂಗಸರಿಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ, ಯಾವ ಪಾಲು ನಿಲ್ಲುತ್ತದೆ, ಯಾವ ಪಾಲು ಸಿಗುತ್ತದೆ ಎಂದು ಹೇಳಿದವರು ತೀರಾ ಕಡಿಮೆ. 'ಪಿಎಫ್ ಕೊಡಲ್ವಂತೆ' ಎಂಬ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಇಲ್ಲಿರುವ ಕಂಪನಿಯವರು ದಯವಿಟ್ಟು ಇದನ್ನು ಗಮನಿಸಬೇಕು.

ಇನ್ನು ಕೆಲಸದ ಗಂಟೆಗಳ ವಿಷಯ. ಈ ಭಾಷಣದಲ್ಲಿ ನಿಮಗೆ ಒಂದೇ ಭಾಗ ನೆನಪಿರುವುದಾದರೆ ಇದೇ ಇರಲಿ.

1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ ಇತ್ತು. ಅದಕ್ಕೆ ಮೀರಿದ್ದು ಓಟಿ, ಓಟಿಗೆ ಎರಡರಷ್ಟು ಕೂಲಿ. ಕೊರೋನಾ ಸಮಯದಲ್ಲಿ, 2020ರ ಮೇ 22ರಂದು, ನಮ್ಮ ರಾಜ್ಯ ಸರ್ಕಾರ ದಿನಕ್ಕೆ 10, ವಾರಕ್ಕೆ 60 ಗಂಟೆ ಎಂದು ಆದೇಶ ಹೊರಡಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್ 11ರಂದು ತಾನೇ ಹಿಂತೆಗೆದುಕೊಂಡಿತು. ಗುಜರಾತಿನ ಅದೇ ಬಗೆಯ ಆದೇಶವನ್ನು ಸುಪ್ರೀಂ ಕೋರ್ಟ್ ಆ ವರ್ಷದ ಅಕ್ಟೋಬರಿನಲ್ಲಿ ರದ್ದು ಮಾಡಿತು.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. 2023ರ ಫೆಬ್ರವರಿಯಲ್ಲಿ ವಿಧಾನಮಂಡಲವೇ ಕಾರ್ಖಾನೆ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ತಂದಿತು. ಬಿಡುವಿನ ಸಮಯ ಸೇರಿ ದಿನಕ್ಕೆ 12 ಗಂಟೆ ತನಕ ಕೆಲಸ ಇರಬಹುದು, ವಾರಕ್ಕೆ ಮಾತ್ರ 48 ಮೀರಬಾರದು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿ 144 ಗಂಟೆ ಆಯಿತು. ರಕ್ಷಣೆ, ವಾಹನ ಮುಂತಾದ ಷರತ್ತಿನ ಮೇಲೆ ಹೆಂಗಸರಿಗೂ ರಾತ್ರಿ ಪಾಳಿ ಬಂತು. ಇದಕ್ಕೆಲ್ಲ ಕೆಲಸಗಾರರ ಲಿಖಿತ ಒಪ್ಪಿಗೆ ಇರಬೇಕು.

ಇದರಿಂದ ಲಾಭ ಯಾರಿಗೆ? ಮತ್ತೆ ಲೆಕ್ಕ ಮಾಡೋಣ. ಲೆಕ್ಕಕ್ಕೆ ಸುಲಭವಾಗಲೆಂದು ತಿಂಗಳ ಸಂಬಳ 13,000 ಇಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500, ಗಂಟೆಗೆ 62 ರೂಪಾಯಿ 50 ಪೈಸೆ. ಓಟಿಗೆ ಎರಡರಷ್ಟು ಎಂದರೆ ಗಂಟೆಗೆ 125. ಮೂರು ತಿಂಗಳಿಗೆ 75 ಗಂಟೆ ಓಟಿ ಮಾಡಿದರೆ 9,375 ರೂಪಾಯಿ. 144 ಗಂಟೆ ಮಾಡಿದರೆ 18,000. ಮೇಲ್ನೋಟಕ್ಕೆ ಹುಡುಗನ ಕೈಗೆ ಹೆಚ್ಚು ದುಡ್ಡು. ಪೀಣ್ಯದಲ್ಲಿ ಓಟಿ ಬೇಕು ಎಂದು ಸೂಪರ್‌ವೈಸರನ್ನು ಕೇಳಿಕೊಳ್ಳುವ ಹುಡುಗರೇ ಹೆಚ್ಚು, ಅದನ್ನು ನಾನು ಮುಚ್ಚಿಡುವುದಿಲ್ಲ. ಬರೀ ಸಂಬಳದಲ್ಲಿ ರೂಮಿನ ಬಾಡಿಗೆ ಕಟ್ಟಿ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ.

ಆದರೆ ಓಟಿ ಎರಡರಷ್ಟು ಸಿಗುತ್ತಿದೆಯೇ? ಎಷ್ಟೋ ಕಡೆ 'ಸಿಂಗಲ್ ಓಟಿ' ಎಂಬ ಪದ್ಧತಿ ಇದೆ, ಮಾಮೂಲಿ ಗಂಟೆಯ ಕೂಲಿಯನ್ನೇ ಕೊಡುವುದು. ಆಗ 18,000 ಬದಲು 9,000. ಗಾರ್ಮೆಂಟ್ಸಿನಲ್ಲಿ ಇನ್ನೊಂದಿದೆ. ಇವತ್ತು ಎರಡು ಗಂಟೆ ಹೆಚ್ಚು ಕೂರಿಸಿ, ಆರ್ಡರ್ ಇಲ್ಲದ ದಿನ ರಜೆ ಕೊಟ್ಟು ಅದಕ್ಕೆ ಇದು ಸರಿಹೋಯಿತು ಎನ್ನುವುದು. ದುಡ್ಡಿನ ಕಾಲಂ ಖಾಲಿ. ಲಿಖಿತ ಒಪ್ಪಿಗೆಯ ಕತೆಯೂ ಹೀಗೆಯೇ. ಕೆಲಸಕ್ಕೆ ಸೇರುವ ದಿನ ಹತ್ತು ಹಾಳೆ ಮುಂದಿಟ್ಟು 'ಇಲ್ಲಿ, ಇಲ್ಲಿ, ಇಲ್ಲಿ' ಎಂದು ಬೆರಳು ತೋರಿಸುತ್ತಾರೆ. ಸಹಿ ಹಾಕಿದವರಲ್ಲಿ ಆ ಇಂಗ್ಲಿಷ್ ಹಾಳೆ ಓದಿದವರು ಯಾರು? ಕಾಯ್ದೆಯಲ್ಲಿ ಇದ್ದ ರಕ್ಷಣೆ ಆ ಹತ್ತು ನಿಮಿಷದಲ್ಲಿ ಕರಗಿಹೋಗುತ್ತದೆ.

ಇನ್ನೊಂದು ಸಂಖ್ಯೆ ಯಾವ ಕಾಯ್ದೆಯಲ್ಲೂ ಇಲ್ಲ, ಅದು ವ್ಯಾನಿನದು. ನಮ್ಮ ಊರಿಂದ ಹೋಗುವ ಹುಡುಗಿಗೆ ಹೋಗಲು ಒಂದೂವರೆ ಗಂಟೆ, ಬರಲು ಎರಡು ಗಂಟೆ. 12 ಗಂಟೆಯ ದಿನ ಅವಳಿಗೆ ಹದಿನೈದೂವರೆ ಗಂಟೆಯ ದಿನ. ಅಡುಗೆ, ನೀರು, ಮಗುವಿನ ಹೋಂವರ್ಕು ಎಲ್ಲ ಉಳಿದ ಎಂಟೂವರೆ ಗಂಟೆಯಲ್ಲಿ, ನಿದ್ದೆಯೂ ಅದರಲ್ಲೇ.

ಗಂಟೆಯ ಲೆಕ್ಕ ತಪ್ಪಿದರೆ ಮಾಲೀಕನಿಗೆ ಏನಾಗುತ್ತದೆ ಎಂಬುದಕ್ಕೆ ಕೋಲಾರ ಜಿಲ್ಲೆಯ ನರಸಾಪುರ ಸಾಕ್ಷಿ. 2020ರ ಡಿಸೆಂಬರ್ 12ರಂದು ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಭೆ ಆಯಿತು. ಸಂಬಳ ಕಡಿಮೆ ಬಂದಿದೆ, ಹನ್ನೆರಡು ಗಂಟೆ ದುಡಿಸುತ್ತಿದ್ದಾರೆ ಎಂಬುದು ಹುಡುಗರ ದೂರು. ಒಡೆದದ್ದು ತಪ್ಪು, ಅದರಿಂದ ಎಷ್ಟೋ ಹುಡುಗರು ಕೇಸು ಮೈಮೇಲೆ ಹಾಕಿಕೊಂಡರು. ಆದರೆ ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿರಲಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದು ಆಪಲ್ ಹೇಳಿತು. ಹಾಜರಿ, ಸಂಬಳ ಎರಡರ ಲೆಕ್ಕ ಒಂದಕ್ಕೊಂದು ಕೂಡದೇ ಹೋದದ್ದಕ್ಕೆ ತೆತ್ತ ಬೆಲೆ ಅದು. ಆ ಕಾರ್ಖಾನೆ ಈಗ ಟಾಟಾದವರ ಕೈಯಲ್ಲಿದೆ.

ಮಾಲೀಕರ ಕಡೆಯ ಮಾತನ್ನೂ ಹೇಳಬೇಕು. ಮಾಲೀಕ ಎಂದರೆ ನಿಮ್ಮ ಕಣ್ಣಿಗೆ ಗಾಜಿನ ಕಟ್ಟಡ ಬರಬಹುದು. ನನ್ನ ಕಣ್ಣಿಗೆ ಬರುವುದು ಪೀಣ್ಯದ ಶೀಟ್ ಶೆಡ್ಡು. ನಾಲ್ಕು ಲೇತು, ಒಂದು ಮಿಲ್ಲಿಂಗು, ಬ್ಯಾಂಕ್ ಸಾಲದ ಸಿಎನ್‌ಸಿ ಒಂದು. ಮಾಲೀಕನೂ ಒಂದು ಕಾಲಕ್ಕೆ ಲೇತ್ ಹಿಡಿದವನೇ. ಅವನು ದೊಡ್ಡ ಕಂಪನಿಗೆ ಜಾಬ್ ವರ್ಕ್ ಮಾಡಿ ಬಿಲ್ ಕೊಟ್ಟರೆ, ದುಡ್ಡು ಬರುವುದು ಮೂರು ತಿಂಗಳಿಗೆ. 2006ರ ಎಂಎಸ್‌ಎಂಇ ಕಾಯ್ದೆ 45 ದಿನ ಮೀರಬಾರದು ಎನ್ನುತ್ತದೆ, ಆದರೆ ಮುಂದಿನ ಆರ್ಡರ್ ಬೇಕಾದವನು ಹೋಗಿ ಕೇಸು ಹಾಕುತ್ತಾನೆಯೇ? ಅವನು ಮಾತ್ರ 7ನೇ ತಾರೀಖಿನೊಳಗೆ ಸಂಬಳ ಕೊಡಬೇಕು, 15ರೊಳಗೆ ಪಿಎಫ್, ಇಎಸ್‌ಐ ಕಟ್ಟಬೇಕು. ಕರೆಂಟು ಬಿಲ್ಲು ಕಾಯುವುದಿಲ್ಲ.

ಇಂಥವನು ಕಾನೂನಿನಲ್ಲಿ ಮೊದಲು ನೋಡುವುದು ತಲೆ ಎಣಿಕೆಯನ್ನು. 10 ಜನ ಆದರೆ ಇಎಸ್‌ಐ, 20 ಆದರೆ ಪಿಎಫ್. ಅದಕ್ಕೇ 19ಕ್ಕೆ ನಿಂತುಬಿಡುವ ಶೆಡ್ಡುಗಳು ಬಹಳ. ಇಪ್ಪತ್ತನೆಯವನು ಬಂದರೆ ಪಕ್ಕದ ಶೆಡ್ಡನ್ನು ಹೆಂಡತಿಯ ಹೆಸರಿಗೆ ಮಾಡಿ ಅಲ್ಲಿ ಬರೆಯುತ್ತಾರೆ, ಇಲ್ಲವೇ ಬರೆಯುವುದೇ ಇಲ್ಲ. ಮಾಲೀಕನಿಗೆ ಉಳಿತಾಯ, ಸರಿ. ಆದರೆ ಬರೆಯದ ಆ ಹುಡುಗನ ಬೆರಳು ಪವರ್ ಪ್ರೆಸ್ಸಿಗೆ ಸಿಕ್ಕಿದ ದಿನ ಇಎಸ್‌ಐ ಆಸ್ಪತ್ರೆಯ ಬಾಗಿಲು ಅವನಿಗೆ ತೆರೆಯುವುದಿಲ್ಲ. ಆಸ್ಪತ್ರೆ ಖರ್ಚು, ಪರಿಹಾರ, ಪೊಲೀಸು ಎಲ್ಲ ಮಾಲೀಕನ ತಲೆಗೇ ಬರುತ್ತದೆ. ಕೆಲಸಗಾರನಿಂದ ಮುಕ್ಕಾಲು ಪರ್ಸೆಂಟ್, ತನ್ನಿಂದ ಮೂರೂಕಾಲು ಪರ್ಸೆಂಟ್ ಕಟ್ಟಿದ್ದರೆ ಆ ಭಾರ ಇಎಸ್‌ಐನವರದಾಗುತ್ತಿತ್ತು. ಇದನ್ನು ಎಷ್ಟೋ ಮಾಲೀಕರಿಗೆ ನಾನು ಕೈಮುಗಿದು ಹೇಳಿದ್ದೇನೆ, ಕೆಲವರು ಕೇಳಿದ್ದಾರೆ.

ಈಗ ಆ ಎಣಿಕೆಯೇ ಬದಲಾಗಿದೆ. 2025ರ ನವೆಂಬರ್ 21ರಿಂದ 29 ಹಳೆಯ ಕೇಂದ್ರ ಕಾಯ್ದೆಗಳ ಬದಲು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಿಗೆ ಬೇಕಾದ ನಿಯಮಗಳನ್ನು ರಾಜ್ಯಗಳೂ ಮಾಡಬೇಕು. ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ 'ಕಾರ್ಖಾನೆ' ಎನ್ನುತ್ತಿದ್ದೆವು, ಈಗ 20 ಬೇಕು. ಹದಿನೆಂಟು ಜನರ ಶೆಡ್ಡು ನಿನ್ನೆ ಕಾರ್ಖಾನೆ, ಇವತ್ತು ಅಲ್ಲ. ಪೂರ್ತಿ ಹೊರಗೆ ಹೋಯಿತೆಂದಲ್ಲ, 10 ಜನರಿದ್ದರೆ ಸುರಕ್ಷತೆಯ ಸಂಹಿತೆ ಒಂದು ಸಂಸ್ಥೆ ಎಂಬ ಲೆಕ್ಕದಲ್ಲಿ ಅನ್ವಯಿಸುತ್ತದೆ, ಆದರೆ ಕಾರ್ಖಾನೆ ಎಂಬ ಹೆಸರಿಗೆ ಅಂಟಿದ್ದ ಕಟ್ಟುಪಾಡು ಸಡಿಲವಾಯಿತು. ಗುತ್ತಿಗೆ ಕಾರ್ಮಿಕರ ಕಾನೂನು 20 ಜನಕ್ಕೆ ಶುರುವಾಗುತ್ತಿತ್ತು, ಈಗ 50ಕ್ಕೆ. ಜನರನ್ನು ತೆಗೆಯಲು, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ 100 ಜನ ಇದ್ದರೆ ಬೇಕಿತ್ತು, ಈಗ 300. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಶೆಡ್ಡಿನವನಿಗೆ ಕಾಗದದ ಕೆಲಸ ಕಡಿಮೆ ಮಾಡಿದ್ದು ಸರಿ. 299 ಜನರಿರುವ ಕಂಪನಿಯನ್ನು ಸಣ್ಣದು ಎಂದು ಕರೆದದ್ದು ಸರಿಯಲ್ಲ. ಅಲ್ಲಿಂದ ಒಂದೇ ದಿನ ಮುನ್ನೂರು ಮನೆಯ ಒಲೆ ಆರುತ್ತದೆ.

ಇದೇ ಸಂಹಿತೆಗಳಲ್ಲಿ ಕೆಲಸಗಾರರು ಹಿಡಿದುಕೊಳ್ಳಬೇಕಾದದ್ದೂ ಇದೆ. ಪ್ರತಿಯೊಬ್ಬನಿಗೂ ನೇಮಕಾತಿ ಪತ್ರ ಕೊಡಲೇಬೇಕು. ಕೆಲಸ ಬಿಟ್ಟರೆ ಅಥವಾ ತೆಗೆದರೆ ಎರಡು ಕೆಲಸದ ದಿನಗಳಲ್ಲಿ ಬಾಕಿ ಸಂಬಳ ಕೊಡಬೇಕು. ಒಂದು ವರ್ಷ, ಎರಡು ವರ್ಷ ಎಂದು ಅವಧಿ ಗೊತ್ತು ಮಾಡಿ ನೇರವಾಗಿ ತೆಗೆದುಕೊಂಡವರಿಗೆ ಒಂದು ವರ್ಷ ಮುಗಿದರೂ ಗ್ರಾಚ್ಯುಟಿ ಉಂಟು. ಖಾಯಂ ಆದವರಿಗೆ ಐದು ವರ್ಷದ ನಿಯಮ ಹಾಗೆಯೇ ಇದೆ. ಅದಕ್ಕೇ ತಾಯಂದಿರೇ, ನಾಲ್ಕೂವರೆ ವರ್ಷಕ್ಕೆ 'ರಾಜೀನಾಮೆ ಕೊಟ್ಟು ಪಿಎಫ್ ತಗೊಂಡು ಮತ್ತೆ ಹೊಸದಾಗಿ ಸೇರ್ಕೋ' ಎಂದು ಯಾರಾದರೂ ಹೇಳಿದರೆ, ಸಹಿ ಹಾಕುವ ಮೊದಲು ಮನೆಗೆ ಬಂದು ಯಾರ ಹತ್ತಿರವಾದರೂ ಕೇಳಿ.

ಐಟಿಯವರು ಇಲ್ಲಿ ಕೂತು 'ನಮಗೂ ಇದಕ್ಕೂ ಸಂಬಂಧ ಇಲ್ಲ' ಎಂದುಕೊಳ್ಳುತ್ತಿರಬಹುದು. ಕಾರ್ಖಾನೆಯಲ್ಲಿ ರಜೆ, ಶಿಸ್ತು ಕ್ರಮ, ವಜಾ ಇವೆಲ್ಲ ಹೇಗೆ ನಡೆಯಬೇಕು ಎಂದು ಹೇಳುವ ಸ್ಥಾಯಿ ಆದೇಶಗಳ ಕಾಯ್ದೆ 1946ರದು. ಅದರಿಂದ ಐಟಿ ಕಂಪನಿಗಳಿಗೆ ನಮ್ಮ ರಾಜ್ಯ ವಿನಾಯಿತಿ ಕೊಟ್ಟಿತ್ತು. 2014, 2019ರಲ್ಲಿ ಐದೈದು ವರ್ಷಕ್ಕೆ ಮುಂದುವರಿಸಿ, 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷಕ್ಕೆ ಕೊಟ್ಟರು. ಷರತ್ತುಗಳಿವೆ. ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ ಇರಬೇಕು, ಯಾರನ್ನಾದರೂ ಅಮಾನತು ಮಾಡಿದರೆ, ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರನ್ನು ಕೇಳಿ ನೋಡಿ, ಈ ಷರತ್ತುಗಳ ಹೆಸರು ಕೇಳಿದವರೇ ಅಪರೂಪ. ಅದೇ 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ತನಕ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ವಿರೋಧಿಸಿದ್ದು ಐಟಿ ನೌಕರರ ಸಂಘ.

ರಾತ್ರಿ ಪಾಳಿಯ ವಿಷಯದಲ್ಲಿ ಮಾಲೀಕರಿಗೆ ದೊಡ್ಡ ಪಾಠ ಬಂದದ್ದೂ ಈ ವಲಯದಿಂದಲೇ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಒಂದರ ರಾತ್ರಿ ಪಾಳಿಗೆ ಹೊರಟ ಹೆಣ್ಣುಮಗಳು ಕ್ಯಾಬ್ ಚಾಲಕನಿಂದ ಕೊಲೆಯಾದಳು. ರಕ್ಷಣೆಯ ವ್ಯವಸ್ಥೆ ಮಾಡಲಿಲ್ಲ ಎಂದು ಕಂಪನಿಯ ಮುಖ್ಯಸ್ಥರ ಮೇಲೆಯೇ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಮೊಕದ್ದಮೆ ಆಯಿತು. ಅದನ್ನು ರದ್ದು ಮಾಡಿ ಎಂದು ಅವರು ಸುಪ್ರೀಂ ಕೋರ್ಟ್ ತನಕ ಹೋದರು, 2008ರಲ್ಲಿ ಕೋರ್ಟು ಒಪ್ಪಲಿಲ್ಲ. ಗೇಟಿನ ಹೊರಗೆ ನಡೆದದ್ದಕ್ಕೆ ನಾನು ಹೊಣೆಯಲ್ಲ ಎಂದು ಯಾವ ಮಾಲೀಕನೂ ಸುಲಭವಾಗಿ ಹೇಳುವ ಹಾಗಿಲ್ಲ.

ನಮ್ಮ ಶಾಲೆಗೆ ನೇರವಾಗಿ ತಟ್ಟುವ ಒಂದು ಮಸೂದೆಯ ಮಾತು ಹೇಳದೇ ಹೋದರೆ ತಪ್ಪಾಗುತ್ತದೆ. 2024ರ ಜುಲೈ 15ರಂದು ಸಚಿವ ಸಂಪುಟ ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಯನ್ನು ಒಪ್ಪಿತು. ಆಡಳಿತ ಹುದ್ದೆಗಳಲ್ಲಿ 50, ಉಳಿದವುಗಳಲ್ಲಿ 70 ಪರ್ಸೆಂಟ್. ಇಲ್ಲಿ ಹುಟ್ಟಿ 15 ವರ್ಷ ನೆಲೆಸಿರಬೇಕು, ಕನ್ನಡ ಮಾತನಾಡಲು, ಓದಲು, ಬರೆಯಲು ಬರಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡ ಒಂದು ಭಾಷೆಯಾಗಿ ಇರಬೇಕು, ಇಲ್ಲದಿದ್ದರೆ ಕನ್ನಡದ ಪರೀಕ್ಷೆ ಪಾಸಾಗಬೇಕು. ಅಂದರೆ ಈ ಶಾಲೆಯ ಅಂಕಪಟ್ಟಿಗೆ ಬೆಲೆ ಬರುತ್ತಿತ್ತು. ಉದ್ಯಮಿಗಳು ವಿರೋಧಿಸಿದರು, ಎರಡೇ ದಿನಕ್ಕೆ ಮಸೂದೆಯನ್ನು ತಡೆಹಿಡಿದರು. ಹರಿಯಾಣದ ಇಂಥದೇ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದು ಮಾಡಿತ್ತು. ನಮ್ಮಲ್ಲಿ ಈ ಬೇಡಿಕೆ ಹೊಸದಲ್ಲ, ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟದ್ದು 1986ರಲ್ಲಿ. ಕಾಯ್ದೆ ಬರಲಿ, ಬಾರದಿರಲಿ, ಈಗಲೂ ನಮ್ಮ ಊರಿನವರು ಆ ಗಾಜಿನ ಕಟ್ಟಡಗಳ ಒಳಗಿದ್ದಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನು, ಎಲ್ಲ ಗುತ್ತಿಗೆದಾರನ ಹೆಸರಿನಲ್ಲಿ. ಅವರನ್ನು ಸ್ಥಳೀಯರೆಂದು ಎಣಿಸಿ 70 ಪರ್ಸೆಂಟ್ ತುಂಬಿಸಿದರೆ ನಮಗೆ ಸಿಕ್ಕಿದ್ದೇನು ಎಂದು ಮಸೂದೆ ಬೇಕು ಎನ್ನುವವರೂ ಯೋಚಿಸಬೇಕು.

ಬೈಕಿನಲ್ಲಿ ಊಟ, ಸಾಮಾನು ತಲುಪಿಸುವ ನಮ್ಮ ಹುಡುಗರಿಗೆ ಮಾಲೀಕ ಯಾರು ಎಂಬುದೇ ಗೊತ್ತಿರಲಿಲ್ಲ, ಫೋನಿನ ಆ್ಯಪೇ ಮಾಲೀಕ. 2025ರಲ್ಲಿ ರಾಜ್ಯ ಅವರಿಗೆಂದು ಪ್ರತ್ಯೇಕ ಕಾಯ್ದೆ ಮಾಡಿದೆ. ಕಂಪನಿ ಅವರಿಗೆ ಕೊಡುವ ದುಡ್ಡಿನ ಮೇಲೆ 1ರಿಂದ 5 ಪರ್ಸೆಂಟ್ ತನಕ ಶುಲ್ಕವನ್ನು ಕಲ್ಯಾಣ ನಿಧಿಗೆ ಕಟ್ಟಬೇಕು, ಹುಡುಗನ ಹೆಸರು ನೋಂದಣಿ ಆಗಿರಬೇಕು. ನೋಂದಣಿ ಎಂಬ ಆ ಪದವನ್ನು ಗಮನಿಸಿ.

ಏಕೆಂದರೆ ನಾನು ನೋಡಿದ ಜಗಳಗಳಲ್ಲಿ ಕಾನೂನು ಇಲ್ಲದೇ ಸೋತವರು ಕಡಿಮೆ, ಕಾಗದ ಇಲ್ಲದೇ ಸೋತವರು ಜಾಸ್ತಿ. ಪಿಎಫ್‌ನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಹುಟ್ಟಿದ ವರ್ಷ ಅಂದಾಜಿಗೆ ಜನವರಿ ಒಂದು. ಇಪ್ಪತ್ತು ವರ್ಷ ದುಡಿದ ದುಡ್ಡು ಒಂದು ಇನಿಷಿಯಲ್‌ಗೆ ಸಿಕ್ಕಿಹಾಕಿಕೊಂಡು ನಿಂತಿರುತ್ತದೆ. ಹುಟ್ಟಿದ ದಿನಕ್ಕೆ ಪುರಾವೆಯಾಗಿ ಪಿಎಫ್ ಕಚೇರಿಯವರು ಒಪ್ಪುವ ಕಾಗದಗಳಲ್ಲಿ ಶಾಲೆಯ ದಾಖಲೆಯೂ ಒಂದು. ನಮ್ಮ ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುವ ಆ ಕೆಂಪು ರಟ್ಟಿನ ದಾಖಲಾತಿ ಪುಸ್ತಕಗಳು ಎಷ್ಟು ಮನೆಗಳ ದುಡ್ಡು ಬಿಡಿಸಿವೆ ಎಂದು ಗುರುಗಳಿಗೇ ಗೊತ್ತಿಲ್ಲದಿರಬಹುದು. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆಯುತ್ತಿದೆ. ಕಟ್ಟಿಸೋಣ. ಅದಕ್ಕೂ ಮೊದಲು ಆ ಪುಸ್ತಕಗಳಿಗೆ ಗೆದ್ದಲು ಹತ್ತದ ಒಂದು ಕಬ್ಬಿಣದ ಬೀರು ತರೋಣ ಎಂದು ಕೇಳಿಕೊಳ್ಳುತ್ತೇನೆ, ನನ್ನ ಪಾಲು ಇವತ್ತೇ ಕೊಡುತ್ತೇನೆ.

ಇನ್ನೊಂದು ವಿಷಯ ಗುರುಗಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಮುಂದಿನ ತಿಂಗಳಿನಿಂದ ಪ್ರತಿ ಎರಡನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ತನಕ ಎಂಟನೇ ತರಗತಿಯ ಕೋಣೆಯಲ್ಲಿ ನಾನೂ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಕೂತಿರುತ್ತೇವೆ. ಒಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬರು ವಕೀಲರು. ಬರುವವರು ಆಧಾರ್, ಬ್ಯಾಂಕ್ ಪಾಸ್‌ಬುಕ್, ಇದ್ದರೆ ನೇಮಕಾತಿ ಪತ್ರ, ಕಳೆದ ಮೂರು ತಿಂಗಳ ಸಂಬಳದ ಚೀಟಿ, ಆಧಾರಿಗೆ ಜೋಡಿಸಿದ ನಂಬರಿನ ಫೋನು ತನ್ನಿ. ಕನ್ನಡಕ ಹಾಕುವವರು ಕನ್ನಡಕವನ್ನೂ ತನ್ನಿ. ವರ್ಕ್‌ಶಾಪ್ ನಡೆಸುವವರೂ ಬರಬಹುದು, ಹಾಜರಿ ಪುಸ್ತಕ ಸಮೇತ. ಫೀಜಿಲ್ಲ. ಓಟಿ ಬರೆದಿಟ್ಟುಕೊಳ್ಳಲು ಒಂದು ಪುಟ್ಟ ನೋಟ್‌ಬುಕ್ಕನ್ನು ಬಂದವರಿಗೆಲ್ಲ ಸಂಘದಿಂದ ಕೊಡುತ್ತೇವೆ.